ಹಿಂದಿನ ಆಘಾತ ಹೊತ್ತು ಬರುವ ಬಸುರಿಗೆ ಮನೆ ಹೆರಿಗೆ: ಯಾವ ಹಂತದಲ್ಲಿ ಏನು ಮಾಡಬೇಕು?

ಹೊಸ_ಸೂಲಗಿತ್ತಿ

ತರಬೇತಿಯಲ್ಲಿ ಆಘಾತದ ಅರಿವಿರುವ ಆರೈಕೆ ಅಂತ ಒಂದು ಪಾಠ ಇರುತ್ತದೆ. ಗೌರವ ಕೊಡಿ, ಮೃದುವಾಗಿ ಮಾತಾಡಿ, ಒಪ್ಪಿಗೆ ಕೇಳಿ ಅನ್ನುವಲ್ಲಿಗೆ ಪಾಠ ಮುಗಿಯುತ್ತದೆ. ಗ್ಲೌಸ್ ಹಾಕಿಕೊಂಡು ನಿಂತ ಮೇಲೆ ಏನು ಮಾಡಬೇಕು ಅನ್ನುವುದು ಅದರಲ್ಲಿಲ್ಲ.

ಇಂಥವರು ಬಂದಾಗ ಅಂತಿಟ್ಟುಕೊಳ್ಳಿ: ಎರಡನೇ ಬಸಿರು, ಮೊದಲ ಹೆರಿಗೆಯಲ್ಲಿ ಕೇಳದೆ ಒಳಪರೀಕ್ಷೆ ಮಾಡಿದ್ದಾರೆ, ಹೇಳದೆ ಯೋನಿದ್ವಾರಕ್ಕೆ ಕತ್ತರಿ ಹಾಕಿದ್ದಾರೆ, ಹೊಲಿಗೆ ಹಾಕುವಾಗ ಮರಗಟ್ಟಿಸುವ ಔಷಧಿ ಸರಿಯಾಗಿ ಹಿಡಿದಿರಲಿಲ್ಲ. ಇಲ್ಲವೇ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಆಗಿದೆ, ಯಾರಿಗೂ ಹೇಳಿಲ್ಲ. ಈಗ ಮನೆಯಲ್ಲೇ ಹೆರಬೇಕು ಅನ್ನುತ್ತಾರೆ. ಜೊತೆಗೆ ಮನೆಯ ಹಿರಿಯ ಹೆಂಗಸರಿಗೆ ಅವರದೇ ಪದ್ಧತಿಗಳಿವೆ.

ಇತಿಹಾಸ ಹೇಗೆ ಕೇಳುವುದು, ಒಳಪರೀಕ್ಷೆ ಹೇಗೆ, ತುರ್ತು ಬಂದರೆ ಒಪ್ಪಿಗೆಯ ಕತೆ ಏನು, ಪದ್ಧತಿಗಳಲ್ಲಿ ಯಾವುದಕ್ಕೆ ಹ್ಞೂಂ ಅನ್ನುವುದು? ಅನುಭವಸ್ಥರು ವಿವರವಾಗಿ ಬರೆಯಿರಿ.

ಹೆರಿಗೆ_ವೈದ್ಯ

ಮಿಕ್ಕಿದ್ದೆಲ್ಲಕ್ಕಿಂತ ಮೊದಲು ಮನೆಯಲ್ಲಿ ಆಗಬಹುದೇ ಅನ್ನುವುದು ತೀರ್ಮಾನವಾಗಲಿ. ಆಘಾತ ಆಗಿದೆ ಅನ್ನುವ ಕಾರಣಕ್ಕೆ ವೈದ್ಯಕೀಯ ಅಪಾಯದ ಗೆರೆ ಆಚೀಚೆ ಜರುಗುವುದಿಲ್ಲ. ಅವಳಿ, ಬುಡ ಕೆಳಗಾದ ಮಗು, ಮಾಸು ಗರ್ಭಕೋಶದ ಬಾಯಿಯ ಮೇಲಿರುವುದು, ಬಿಪಿ 140/90 ಅಥವಾ ಹೆಚ್ಚು, 37 ವಾರ ತುಂಬದ್ದು, ಹಿಂದಿನ ಸಿಸೇರಿಯನ್, ಹಿಂದಿನ ಹೆರಿಗೆಯಲ್ಲಿ ಭಾರೀ ರಕ್ತಸ್ರಾವ, ಇನ್ಸುಲಿನ್ ಬೇಕಾದ ಸಕ್ಕರೆ ಕಾಯಿಲೆ: ಇವು ಆಸ್ಪತ್ರೆಯ ಹೆರಿಗೆಗಳು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಈಗಲೇ ಸರಿಪಡಿಸಿ. ಗಟ್ಟಿಯಾದವಳು ತಾಳಿಕೊಳ್ಳುವ 500 ಮಿ.ಲೀ. ನಷ್ಟ ರಕ್ತ ಕಡಿಮೆ ಇರುವವಳನ್ನು ಮಲಗಿಸಿಬಿಡುತ್ತದೆ.

ಅಂಕಿ ಅಂಶ ಮುಚ್ಚಿಡಬೇಡಿ. 2011ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಬರ್ತ್‌ಪ್ಲೇಸ್ ಅಧ್ಯಯನ ಕಡಿಮೆ ಅಪಾಯದ 64 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ನೋಡಿತು. ಎರಡನೆಯ ಅಥವಾ ನಂತರದ ಹೆರಿಗೆಯಾದರೆ ಮಗುವಿಗೆ ಆಗುವ ಗಂಭೀರ ತೊಂದರೆಯಲ್ಲಿ ಮನೆಗೂ ಆಸ್ಪತ್ರೆಗೂ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲಿಗೆ ಮಾತ್ರ ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3 ಇದ್ದದ್ದು ಮನೆಯಲ್ಲಿ 9.3 ಆಯಿತು. ಮನೆಯಲ್ಲಿ ಶುರು ಮಾಡಿದ ಚೊಚ್ಚಲಿನವರಲ್ಲಿ ಶೇ. 45ರಷ್ಟು, ಮುಂಚೆ ಹೆತ್ತವರಲ್ಲಿ ಶೇ. 12ರಷ್ಟು ಜನ ಆಸ್ಪತ್ರೆಗೆ ಹೋಗಬೇಕಾಯಿತು. ಅದೂ ತರಬೇತಾದ ಸೂಲಗಿತ್ತಿಯರು, ಆಂಬುಲೆನ್ಸು, ಬಾಗಿಲು ತೆರೆದು ಒಳಗೆ ಕರೆದುಕೊಳ್ಳುವ ಆಸ್ಪತ್ರೆ ಎಲ್ಲ ಒಂದೇ ವ್ಯವಸ್ಥೆಯಲ್ಲಿದ್ದ ಕಡೆ. ಇವುಗಳಲ್ಲಿ ಒಂದು ಇಲ್ಲದಿದ್ದರೂ ಈ ಅಂಕಿಗಳನ್ನು ನಿಮ್ಮ ಕಡೆಗೆ ಎಳೆದುಕೊಳ್ಳಬೇಡಿ.

ಇಷ್ಟನ್ನೂ ಮುಂಚೆಯೇ ಹೇಳುವುದು ಆರೈಕೆಯ ಭಾಗ. ಒಂದು ಸಲ ಮೋಸ ಹೋದವರು ಎರಡನೇ ಸಲ ಅರ್ಧ ಸತ್ಯ ಹೇಳಿದವರನ್ನು ನಂಬುವುದಿಲ್ಲ.

ಮನಸಿನ_ಸಲಹೆಗಾರ್ತಿ

ಡಾಕ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ‘ಮನೆ’ ಅಂದ ತಕ್ಷಣ ಸುರಕ್ಷಿತ ಅಂದುಕೊಳ್ಳಬೇಡಿ. ಕೆಲವರಿಗೆ ದೌರ್ಜನ್ಯ ನಡೆದದ್ದೇ ಮನೆಯಲ್ಲಿ, ಕೆಲವರಿಗೆ ಈಗಲೂ ನಡೆಯುತ್ತಿದೆ. ಆದ್ದರಿಂದ ಮೊದಲ ಭೇಟಿಗಳಲ್ಲಿ ಕನಿಷ್ಠ ಎರಡು ಸಲ ಅವರನ್ನು ಒಬ್ಬರೇ ಇರುವಾಗ ಕಾಣಬೇಕು. ಗಂಡ, ಅತ್ತೆ, ಅಮ್ಮ, ಮಾತು ತಿಳಿಯುವ ವಯಸ್ಸಿನ ಮಕ್ಕಳು ಯಾರೂ ಇರಬಾರದು. ಭಾಷೆ ಬೇರೆಯಾದರೆ ಮನೆಯವರು ದುಭಾಷಿ ಆಗಬಾರದು. ‘ಎಲ್ಲ ಬಸುರಿಯರ ಜೊತೆಗೂ ಅರ್ಧ ಗಂಟೆ ಒಬ್ಬರೇ ಮಾತಾಡುವುದು ನಮ್ಮ ನಿಯಮ’ ಅಂದುಬಿಟ್ಟರೆ ಮನೆಯವರಿಗೆ ಅನುಮಾನ ಬರುವುದಿಲ್ಲ.

ಕೇಳುವಾಗ ಕತೆ ಕೇಳಬೇಡಿ, ಪರಿಣಾಮ ಕೇಳಿ. ನಮ್ಮ ಕೆಲಸಕ್ಕೆ ಏನಾಯಿತು, ಯಾರು ಮಾಡಿದರು ಅನ್ನುವ ವಿವರ ಬೇಕಾಗಿಲ್ಲ. ಹೀಗೆ ಕೇಳಬಹುದು:

‘ಬಹಳ ಹೆಂಗಸರಿಗೆ ಮೈ ಮುಟ್ಟಿಸಿಕೊಳ್ಳುವುದು, ಪರೀಕ್ಷೆ ಮಾಡಿಸಿಕೊಳ್ಳುವುದು ಕಷ್ಟ ಆಗುವಂಥ ಏನೋ ಒಂದು ಹಿಂದೆ ಆಗಿರುತ್ತದೆ. ನಿಮಗೂ ಹಾಗೇನಾದರೂ ಇದ್ದರೆ ಹೌದು ಅಂದರೆ ಸಾಕು, ವಿವರ ಹೇಳಬೇಕಾಗಿಲ್ಲ. ಈಗ ಬೇಡ, ಆಮೇಲೆ ಹೇಳುತ್ತೇನೆ ಅಂದರೂ ಸರಿ.’

ಹೌದು ಅಂದರೆ ಮುಂದಿನ ಪ್ರಶ್ನೆಗಳು ಇಷ್ಟೇ. ಎಲ್ಲಿ ಮುಟ್ಟಬಾರದು? ಯಾವ ಮಾತು ಕೇಳಬಾರದು? ಯಾವ ಭಂಗಿ ಆಗುವುದಿಲ್ಲ? ಬೆಳಕು, ವಾಸನೆ, ಬಾಗಿಲು ಹೇಗಿರಬೇಕು? ಹೆದರಿಕೆ ಏರಿದಾಗ ಹೊರಗಿನವರಿಗೆ ಅದು ಹೇಗೆ ಕಾಣುತ್ತದೆ? ಆಗ ಯಾವುದು ನೆರವಾಗುತ್ತದೆ, ಯಾವುದು ಇನ್ನೂ ಕೆಡಿಸುತ್ತದೆ?

ಉತ್ತರಗಳು ತೀರ ನಿರ್ದಿಷ್ಟವಾಗಿರುತ್ತವೆ. ಒಬ್ಬರಿಗೆ ‘ಕಾಲು ಅಗಲ ಮಾಡು’ ಅನ್ನುವ ಮಾತು, ಇನ್ನೊಬ್ಬರಿಗೆ ‘ಸಹಿಸಿಕೋ, ಮುಗಿದೇ ಹೋಯ್ತು’. ಒಬ್ಬರಿಗೆ ಬಿಪಿ ಪಟ್ಟಿ ತೋಳು ಹಿಂಡುವುದು, ಇನ್ನೊಬ್ಬರಿಗೆ ಬೆನ್ನ ಹಿಂದೆ ಯಾರೋ ನಿಂತಿರುವುದು. ಅವರ ಮಾತಲ್ಲೇ ಬರೆದುಕೊಳ್ಳಿ.

ಎಲ್ಲಿ ಬರೆಯುವುದು ಅನ್ನುವುದೂ ಮುಖ್ಯ. ಬಸುರಿಯ ಕೈಯಲ್ಲಿರುವ ಕಡತವನ್ನು ಮನೆಯವರು ಓದುತ್ತಾರೆ. ಅದರಲ್ಲಿ ‘ಒಳಪರೀಕ್ಷೆ: ಕೇಳಿ, ಪಕ್ಕಕ್ಕೆ ಮಲಗಿದಾಗ ಮಾತ್ರ’ ಅಂತ ಬರೆದರೆ ಸಾಕು. ಕಾರಣ ಬೇಕಾಗಿಲ್ಲ.

ಹಿರಿ_ಸೂಲಗಿತ್ತಿ

ಒಳಪರೀಕ್ಷೆ ಬಗ್ಗೆ ಬರೆಯುತ್ತೇನೆ, ಹೆಚ್ಚು ಕೆಡುವುದು ಅಲ್ಲೇ.

ಮೊದಲು, ಈಗ ಬೇಕೇ? ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸಿನ ಪ್ರಕಾರ ಹೆರಿಗೆ ನೋವಿನ ಚುರುಕಿನ ಹಂತ ಗರ್ಭಕೋಶದ ಬಾಯಿ 5 ಸೆಂ.ಮೀ. ತೆರೆದಾಗ ಶುರುವಾಗುತ್ತದೆ, ಆ ಹಂತದಲ್ಲಿ 4 ಗಂಟೆಗೊಮ್ಮೆ ನೋಡಿದರೆ ಸಾಕು. ಗಂಟೆಗೆ 1 ಸೆಂ.ಮೀ. ತೆರೆಯಲೇಬೇಕು ಅನ್ನುವ ಹಳೇ ಲೆಕ್ಕವನ್ನೂ ಅದು ಬಿಟ್ಟಿತು. ಆ ಲೆಕ್ಕಕ್ಕೆ ಕಟ್ಟುಬಿದ್ದು ಗಂಟೆಗೊಮ್ಮೆ ಕೈ ಹಾಕುವವರು ಇನ್ನೂ ಇದ್ದಾರೆ. ನೀರು ಒಡೆದ ಮೇಲಂತೂ ಪ್ರತಿ ಸಲ ಕೈ ಹಾಕಿದಾಗಲೂ ಸೋಂಕಿನ ಸಾಧ್ಯತೆ ಏರುತ್ತದೆ. ನೋವಿನ ಅಂತರ, ಉಸಿರಿನ ಸದ್ದು ಬದಲಾಗುವುದು, ಹೊಟ್ಟೆ ಮೇಲಿಂದ ತಲೆ ಎಷ್ಟು ಇಳಿದಿದೆ ಅನ್ನುವುದು, ತಾನಾಗಿ ಮುಕ್ಕಬೇಕು ಅನ್ನಿಸುವುದು ಇವೆಲ್ಲ ಮುಟ್ಟದೆಯೇ ತುಂಬ ಹೇಳುತ್ತವೆ. ಪರೀಕ್ಷೆಯಿಂದ ನಿಮ್ಮ ಮುಂದಿನ ನಡೆ ಏನೂ ಬದಲಾಗದಿದ್ದರೆ ಮಾಡಬೇಡಿ.

ಬೇಕೇ ಆದರೆ ಕ್ರಮ ಹೀಗಿರಲಿ. ಎರಡು ನೋವಿನ ನಡುವೆ, ಅವರು ಕಣ್ಣು ತೆರೆದು ನಿಮ್ಮನ್ನು ನೋಡುತ್ತಿರುವಾಗ ಕೇಳಿ. ನೋವಿನ ತುದಿಯಲ್ಲಿ ಸಿಕ್ಕ ‘ಹ್ಞೂಂ’ ಒಪ್ಪಿಗೆ ಅಲ್ಲ. ಯಾಕೆ ಬೇಕು, ಎಷ್ಟು ಹೊತ್ತು, ಮಾಡದಿದ್ದರೆ ಏನು ಅನ್ನುವುದನ್ನು ಮೂರು ವಾಕ್ಯದಲ್ಲಿ ಹೇಳಿ. ಕೋಣೆಯಲ್ಲಿ ಯಾರಿರಬೇಕು ಕೇಳಿ, ಉಳಿದವರನ್ನು ಕಳಿಸಿ. ಬೆನ್ನ ಮೇಲೆ ಮಲಗಿಸಬೇಕಾಗಿಲ್ಲ. ಎಡಕ್ಕೆ ಮಗ್ಗುಲಾಗಿ, ಮೇಲಿನ ಕಾಲನ್ನು ಅವರೇ ಹಿಡಿದುಕೊಂಡರೆ ಸರಿಯಾಗಿ ಸಿಗುತ್ತದೆ, ರೂಢಿ ಬೇಕು ಅಷ್ಟೆ. ಹೊದಿಕೆ ಅವರ ಕೈಯಲ್ಲೇ ಇರಲಿ, ಅವರೇ ಸರಿಸಲಿ.

ಜೆಲ್ ತಣ್ಣಗಿರುತ್ತದೆ, ಗ್ಲೌಸ್ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಬೆಚ್ಚಗಾಗಿಸಿ. ‘ಈಗ ನನ್ನ ಕೈಹಿಂಬದಿ ತೊಡೆಗೆ ತಾಗುತ್ತದೆ’ ಅಂತ ಹೇಳಿ ತಾಗಿಸಿ. ‘ನೀವು ಉಸಿರು ಬಿಟ್ಟಾಗ ಒಂದು ಬೆರಳು’ ಅನ್ನಿ, ಅವರು ಬಿಡುವವರೆಗೆ ಕಾಯಿರಿ, ಒಗ್ಗಿದರೆ ಎರಡನೆಯದು. ನೋವು ಬಂದರೆ ಬೆರಳು ಅಲ್ಲೇ ಇಟ್ಟುಕೊಂಡು ಕಾಯಬೇಡಿ, ಮೊದಲೇ ಹಾಗೆ ಮಾತಾಗಿದ್ದರೆ ಬೇರೆ. ‘ನಿಲ್ಲಿಸಿ’ ಅಂದರೆ ಬೆರಳು ಹೊರಗೆ ಬರಬೇಕು. ‘ಇನ್ನೊಂದೇ ಕ್ಷಣ’ ಅಂದಿರೋ, ಆರು ತಿಂಗಳು ಕಟ್ಟಿದ ನಂಬಿಕೆ ಅಲ್ಲಿಗೆ ಹೋಯಿತು. ಮುಗಿದ ಮೇಲೆ ಸಿಕ್ಕಿದ್ದನ್ನು ಮೊದಲು ಅವರಿಗೆ ಹೇಳಿ, ಆಮೇಲೆ ಬೇರೆಯವರಿಗೆ, ಅದೂ ಅವರು ಹೇಳಿ ಅಂದರೆ.

ಮನಸಿನ_ಸಲಹೆಗಾರ್ತಿ

ಹಿರಿಯಕ್ಕ ಬರೆದ ‘ನಿಲ್ಲಿಸಿ’ ಮಾತಿಗೆ ಒಂದು ಎಚ್ಚರಿಕೆ. ಆಘಾತ ಆದವರಲ್ಲಿ ಬಹಳ ಜನಕ್ಕೆ ಆ ಮಾತು ಬಾಯಿಂದ ಹೊರಡುವುದೇ ಇಲ್ಲ. ಮರಗಟ್ಟಿ ಹೋಗುತ್ತಾರೆ. ಕೂಗಾಡುವವರನ್ನು ಎಲ್ಲರೂ ಗಮನಿಸುತ್ತಾರೆ, ‘ಎಷ್ಟು ಚೆನ್ನಾಗಿ ಸಹಕರಿಸಿದಳು’ ಅನ್ನಿಸಿಕೊಂಡವಳನ್ನು ಯಾರೂ ಗಮನಿಸುವುದಿಲ್ಲ.

ಬಾಯಿಗಿಂತ ಮೈ ನೋಡಿ. ಸೊಂಟ ಹಾಸಿಗೆಯಿಂದ ಮೇಲೇಳುವುದು, ಹಿಮ್ಮಡಿ ಒತ್ತಿ ಹಿಂದಕ್ಕೆ ಸರಿಯುವುದು, ಕಾಲ್ಬೆರಳು ಮಡಚಿಕೊಳ್ಳುವುದು, ಉಸಿರು ಹಿಡಿಯುವುದು ಇವು ಬೇಡ ಅನ್ನುವ ಗುರುತು. ಚಾವಣಿಯತ್ತ ನೆಟ್ಟ ಕಣ್ಣು, ಇದ್ದಕ್ಕಿದ್ದಂತೆ ಸಡಿಲವಾದ ಕೈಕಾಲು, ಮಗುವಿನಂಥ ದನಿ, ಕೇಳಿದ್ದಕ್ಕೆ ಉತ್ತರ ಇಲ್ಲದಿರುವುದು ಇವು ಮನಸ್ಸು ಆ ಕೋಣೆ ಬಿಟ್ಟು ಹೋಗಿದೆ ಅನ್ನುವುದಕ್ಕೆ ಗುರುತು. ಆದರೆ ಹೆರಿಗೆ ನೋವಿನಲ್ಲಿ ಒಳಮುಖವಾಗುವುದು ಸಹಜವೂ ಹೌದು. ವ್ಯತ್ಯಾಸ ತಿಳಿಯಲು ನೋವಿನ ನಡುವೆ ಮಾತಾಡಿಸಿ. ಸಹಜವಾಗಿ ಒಳಗಿಳಿದವರು ನೋವು ಇಳಿದಾಗ ವಾಪಸ್ ಬರುತ್ತಾರೆ, ನೀರು ಕೇಳುತ್ತಾರೆ, ಬೈಯುತ್ತಾರೆ. ಮನಸ್ಸು ಕಳಚಿಕೊಂಡವರು ಬರುವುದಿಲ್ಲ. ಅತಿಯಾದ ರಕ್ತಸ್ರಾವ, ಸಕ್ಕರೆ ಇಳಿಯುವುದು, ಬಿಪಿಯಿಂದ ಬರುವ ಮಂಪರು ಕೂಡ ಹೀಗೇ ಕಾಣುತ್ತವೆ. ನಾಡಿ, ಬಿಪಿ ನೋಡದೆ ‘ಮನಸ್ಸಿನದು’ ಅಂತ ಬಿಡಬೇಡಿ.

ಆಗ ಮಾಡಬೇಕಾದ್ದು: ಕೈ ತೆಗೆಯಿರಿ. ಒಂದೇ ದನಿ ಮಾತಾಡಲಿ. ಹೆಸರು ಹಿಡಿದು ಕರೆಯಿರಿ, ನೀವು ಯಾರು, ಇದು ಯಾವ ಕೋಣೆ, ಯಾರು ಜೊತೆಗಿದ್ದಾರೆ ಹೇಳಿ. ‘ಪಾದ ನೆಲಕ್ಕೆ ಒತ್ತಿ ನೋಡಿ’ ಅನ್ನಿ. ಕುಳಿತೋ ನಿಂತೋ ಇರುವಂತೆ ಮಾಡಿ. ತಬ್ಬಿ ಸಮಾಧಾನ ಮಾಡಲು ಹೋಗಬೇಡಿ, ಮೊದಲೇ ಅವರು ಹಾಗೆ ಕೇಳಿರದಿದ್ದರೆ.

ಜೊತೆಗಾತಿ_ಡೂಲಾ

ಮೃದುವಾಗಿ ಕೇಳುವುದೆಲ್ಲ ಸರಿ ಸಿಸ್ಟರ್. ಆದರೆ ಭುಜ ಸಿಕ್ಕಿಕೊಂಡಾಗ, ರಕ್ತ ಹರಿಯುವಾಗ ಕೇಳುತ್ತಾ ಕೂರಲು ಆಗುತ್ತದೆಯೇ? ಅಲ್ಲಿ ಒಪ್ಪಿಗೆ ಅನ್ನುವ ಮಾತೇ ಸುಳ್ಳಾಗುತ್ತದೆ ಅಂತ ನನ್ನ ವಾದ.

ಹಿರಿ_ಸೂಲಗಿತ್ತಿ

ತಂಗಿ, ಆ ಗಳಿಗೆಯಲ್ಲಿ ಕೇಳುವುದಕ್ಕೆ ಸಮಯ ಇರುವುದಿಲ್ಲ, ಒಪ್ಪುತ್ತೇನೆ. ಅದಕ್ಕೇ 34-36 ವಾರದ ಭೇಟಿಯನ್ನು ಇದೊಂದಕ್ಕೇ ಮೀಸಲಿಡಬೇಕು. ತುರ್ತಿನಲ್ಲಿ ನಮ್ಮ ಕೈ ಎಲ್ಲೆಲ್ಲಿಗೆ ಹೋಗುತ್ತದೆ ಅನ್ನುವುದನ್ನು ಬಟ್ಟೆ ಹಾಕಿಕೊಂಡು, ಅವರ ಮನೆಯ ನೆಲದ ಮೇಲೆ, ಗೊಂಬೆ ಇಟ್ಟುಕೊಂಡು ತೋರಿಸುವುದು.

ಭುಜ ಸಿಕ್ಕಿಕೊಳ್ಳುವುದನ್ನೇ ತೆಗೆದುಕೊಳ್ಳಿ. ತಲೆ ಹೊರಬಂದು ಆಮೆಯಂತೆ ಹಿಂದಕ್ಕೆ ಎಳೆದುಕೊಳ್ಳುತ್ತದೆ, ಮುಂದಿನ ನೋವಿಗೆ ಭುಜ ಬರುವುದಿಲ್ಲ. ಪುಸ್ತಕದ ಮೊದಲ ಹೆಜ್ಜೆ ಬೆನ್ನ ಮೇಲೆ ಮಲಗಿಸಿ ಎರಡೂ ತೊಡೆಗಳನ್ನು ಹೊಟ್ಟೆಗೆ ಒತ್ತುವ ಮ್ಯಾಕ್‌ರಾಬರ್ಟ್ಸ್ ಭಂಗಿ, ಜೊತೆಗೆ ಮಗುವಿನ ಬೆನ್ನಿರುವ ಕಡೆಯಿಂದ ಜಘನದ ಎಲುಬಿನ ಮೇಲೆ ಒತ್ತಡ. ಇಬ್ಬರು ಕಾಲು ಹಿಡಿದು ಒಬ್ಬರು ಹೊಟ್ಟೆಯ ಕೆಳಗೆ ಒತ್ತುವುದು ದೌರ್ಜನ್ಯ ಕಂಡವರಿಗೆ ಏನಾಗಿ ಕಾಣುತ್ತದೆ ಯೋಚಿಸಿ. ಆದ್ದರಿಂದ ಮೊದಲೇ ಮಾತಾಡಿಕೊಳ್ಳಿ: ತೊಡೆಗಳನ್ನು ಅವರೇ ಎಳೆದುಕೊಳ್ಳುತ್ತಾರೆ, ಕೈ ಸೋತರೆ ಇಂಥವರು ಹಿಡಿಯುತ್ತಾರೆ. ಮಂಡಿಯೂರಿ ಹೆರುತ್ತಿದ್ದರೆ ಅಂಬೆಗಾಲಿನ ಭಂಗಿಯಿಂದಲೇ ಶುರು ಮಾಡಬಹುದು, ಎಷ್ಟೋ ಸಲ ಭುಜ ಅಲ್ಲೇ ಬಿಡಿಸಿಕೊಳ್ಳುತ್ತದೆ. ಆಗದಿದ್ದರೆ ಹಿಂದಿನ ತೋಳನ್ನು ಹೊರತೆಗೆಯಬೇಕು, ಅಂದರೆ ಇಡೀ ಕೈ ಒಳಗೆ ಹೋಗುತ್ತದೆ. ಇದನ್ನು ಮೊದಲೇ ಹೇಳಿರಲೇಬೇಕು. ತಲೆ ಹಿಡಿದು ಎಳೆಯುವುದು, ಹೊಟ್ಟೆಯ ಮೇಲ್ಭಾಗ ಒತ್ತುವುದು ಯಾವತ್ತೂ ಇಲ್ಲ. ಮೇಲಿಂದ ಒತ್ತಿದರೆ ಭುಜ ಎಲುಬಿಗೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ.

ನಡೆಯುವಾಗ ಇಬ್ಬರ ಕೆಲಸ ಬೇರೆ ಬೇರೆ. ಒಬ್ಬರು ಕೈಕೆಲಸ ಮಾಡುತ್ತಾರೆ. ಇನ್ನೊಬ್ಬರು ತಲೆಯ ಹತ್ತಿರ, ಕಣ್ಣಿಗೆ ಕಾಣುವಂತೆ ಕೂತು ಪ್ರತಿ ಹೆಜ್ಜೆಗೂ ಒಂದೇ ವಾಕ್ಯ ಹೇಳುತ್ತಾರೆ: ‘ಮಗುವಿನ ಭುಜ ಸಿಕ್ಕಿದೆ, ಈಗ ತೊಡೆ ಎಳೆದುಕೊಳ್ಳಿ.’ ‘ಈಗ ಕೈ ಒಳಗೆ ಬರುತ್ತದೆ, ತೋರಿಸಿದ್ವಲ್ಲ ಅದೇ.’ ಅಲ್ಲಿ ಕೇಳಲು ಸಮಯ ಇಲ್ಲ, ಹೇಳಲು ಸಮಯ ಇದೆ.

ಹೆರಿಗೆ_ವೈದ್ಯ

ಇದನ್ನೇ ರಕ್ತಸ್ರಾವಕ್ಕೂ ಅನ್ವಯಿಸಿ, ತಾಯಿಯ ಜೀವ ಹೋಗುವುದು ಅದರಲ್ಲಿ.

ಮಗು ಬಂದ ಒಂದು ನಿಮಿಷದೊಳಗೆ ಆಕ್ಸಿಟೋಸಿನ್ (ಗರ್ಭಕೋಶ ಬಿಗಿಸುವ ಚುಚ್ಚುಮದ್ದು) 10 ಯೂನಿಟ್ ತೊಡೆಯ ಸ್ನಾಯುವಿಗೆ, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲ ಅಂತ ಖಚಿತ ಮಾಡಿಕೊಂಡು. ಎಲ್ಲ ಹೆರಿಗೆಗಳಿಗೂ ಇದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಆಕ್ಸಿಟೋಸಿನ್ 2-8 ಡಿಗ್ರಿಯಲ್ಲಿ ಇರಬೇಕು. ಮನೆ ಹೆರಿಗೆಯಲ್ಲಿ ಇಲ್ಲೇ ತಪ್ಪುವುದು: ಚೀಲದಲ್ಲಿ ದಿನಗಟ್ಟಲೆ ಬಿಸಿಗೆ ಬಿದ್ದ ಆಂಪೂಲ್ ನೋಡಲು ಹೊಸದರಂತೆಯೇ ಇರುತ್ತದೆ, ಕೆಲಸ ಮಾಡುವುದಿಲ್ಲ. ಮಂಜುಗಡ್ಡೆಗೆ ನೇರ ತಾಗಿಸಿ ಹೆಪ್ಪುಗಟ್ಟಿಸುವುದೂ ತಪ್ಪು. ತಂಪು ಕಾಪಾಡಲು ಆಗದ ಕಡೆ ಅದೇ ಕೆಲಸದ ಮಾತ್ರೆ ಮಿಸೊಪ್ರೊಸ್ಟಾಲ್ 600 ಮೈಕ್ರೊಗ್ರಾಂ ಬಾಯಿಂದ. ಅದರಿಂದ ನಡುಕ, ಜ್ವರ ಬರಬಹುದು. ಮೊದಲೇ ಹೇಳಿರದಿದ್ದರೆ ಆ ನಡುಕವನ್ನೇ ಹಳೇ ಹೆದರಿಕೆ ಮರಳಿತು ಅಂದುಕೊಳ್ಳುವವರಿದ್ದಾರೆ.

ಕಣ್ಣಳತೆ ನಂಬಬೇಡಿ. ಬಟ್ಟೆ, ನೀರು, ಹಾಸಿಗೆ ನಡುವೆ ಅರ್ಧದಷ್ಟು ಲೆಕ್ಕಕ್ಕೇ ಸಿಗದೆ ಹೋಗಬಹುದು. ಅಳತೆ ಗೆರೆ ಇರುವ ಡ್ರೇಪ್ (ಕೆಳಗೆ ಹಾಸಿ ರಕ್ತ ಹಿಡಿಯುವ ಪ್ಲಾಸ್ಟಿಕ್ ಹಾಳೆ) ಬಳಸಿ. 2023ರಲ್ಲಿ ಪ್ರಕಟವಾದ ಇ-ಮೋಟಿವ್ ಪ್ರಯೋಗದಲ್ಲಿ ಅಳತೆಯ ಡ್ರೇಪ್ ಜೊತೆಗೆ ಮಸಾಜ್, ಗರ್ಭಕೋಶ ಬಿಗಿಸುವ ಔಷಧಿ, ಟ್ರಾನೆಕ್ಸಾಮಿಕ್ ಆಸಿಡ್ (ರಕ್ತದ ಹೆಪ್ಪು ಕರಗದಂತೆ ತಡೆಯುವ ಔಷಧಿ), ಡ್ರಿಪ್, ಪರೀಕ್ಷೆ ಇಷ್ಟನ್ನೂ ಒಟ್ಟಿಗೇ ಕೊಟ್ಟಾಗ ತೀವ್ರ ರಕ್ತಸ್ರಾವ ಮತ್ತು ಅದರ ಗಂಭೀರ ಪರಿಣಾಮಗಳು ಶೇ. 60ರಷ್ಟು ತಗ್ಗಿದವು. ಅದು ಆಸ್ಪತ್ರೆಗಳಲ್ಲಿ ನಡೆದದ್ದು, ಆದರೆ ಪಾಠ ಮನೆಗೂ ಹೊಂದುತ್ತದೆ: ಒಂದು ಫಲಿಸದಿದ್ದರೆ ಇನ್ನೊಂದು ಅಂತ ಕಾಯಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2025ರ ಮಾರ್ಗಸೂಚಿ 500 ಮಿ.ಲೀ.ವರೆಗೆ ಕಾಯಲು ಹೇಳುವುದಿಲ್ಲ, 300 ಮಿ.ಲೀ. ಜೊತೆಗೆ ನಾಡಿ 100 ದಾಟಿದರೆ ಅಥವಾ ಮೇಲಿನ ಬಿಪಿ 100ಕ್ಕಿಂತ ಇಳಿದರೆ ಅಲ್ಲೇ ಶುರು ಮಾಡಿ ಅನ್ನುತ್ತದೆ. ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ ರಕ್ತನಾಳಕ್ಕೆ, 10 ನಿಮಿಷದಲ್ಲಿ ನಿಧಾನವಾಗಿ, ಹೆರಿಗೆಯಾದ 3 ಗಂಟೆಯೊಳಗೆ. 3 ಗಂಟೆ ಮೀರಿದರೆ ಉಪಯೋಗವಿಲ್ಲ. ಮನೆಯಲ್ಲಾದರೆ ಆಂಬುಲೆನ್ಸಿಗೆ ಫೋನು ಈ ಪಟ್ಟಿಯ ಮೊದಲಲ್ಲಿ ಬರಬೇಕು, ಕೊನೆಯಲ್ಲಲ್ಲ.

ಹೊಟ್ಟೆಯ ಮೇಲಿನ ಮಸಾಜ್ ನೋಯುತ್ತದೆ. ಒಂದು ಕೈ ಒಳಗೆ ಒಂದು ಕೈ ಹೊಟ್ಟೆ ಮೇಲೆ ಇಟ್ಟು ಗರ್ಭಕೋಶ ಅದುಮುವುದು ಇನ್ನೂ ಕಠಿಣ. ಹಿರಿಯಕ್ಕ ಹೇಳಿದ 34-36 ವಾರದ ಭೇಟಿಯಲ್ಲಿ ಇದೂ ಸೇರಲಿ.

ಜೊತೆಗಾತಿ_ಡೂಲಾ

ಸರಿ, ವಾದ ಹಿಂತೆಗೆದುಕೊಂಡೆ. ಇನ್ನೊಂದು ಕೇಳಬೇಕು: ಮಾಸು ತಾನಾಗೇ ಬೀಳಲಿ, ಸೂಜಿ ಬೇಡ ಅನ್ನುವವರಿಗೆ?

ಹಿರಿ_ಸೂಲಗಿತ್ತಿ

ಸೂಜಿ ಬೇಡವೋ, ಹೊಕ್ಕುಳಬಳ್ಳಿ ಎಳೆಯುವುದು ಬೇಡವೋ ಕೇಳಿ. ಬಹಳ ಜನಕ್ಕೆ ಬೇಡದ್ದು ಎರಡನೆಯದು. ಚುಚ್ಚುಮದ್ದು ತೆಗೆದುಕೊಂಡು, ಬಳ್ಳಿ ಎಳೆಯದೆ, ಕುಕ್ಕರಗಾಲಲ್ಲಿ ಕೂತು ತಾವೇ ಮಾಸು ಮುಕ್ಕಿ ಹಾಕಬಹುದು. ಎರಡೂ ಬೇಡ ಅಂದರೆ ರಕ್ತಸ್ರಾವದ ಅಪಾಯ ಹೆಚ್ಚು ಅಂತ ಸ್ಪಷ್ಟವಾಗಿ ಹೇಳಿ, ಯಾವಾಗ ಸೂಜಿಗೆ ಬದಲಾಗುತ್ತೇವೆ ಅನ್ನುವುದನ್ನು ಮೊದಲೇ ಬರೆದಿಡಿ: ರಕ್ತ ಹೆಚ್ಚಾದರೆ ತಕ್ಷಣ, ಒಂದು ಗಂಟೆಯಾದರೂ ಮಾಸು ಬೀಳದಿದ್ದರೆ ಆಸ್ಪತ್ರೆ. ಮೂತ್ರ ತುಂಬಿದ್ದರೆ ಮಾಸು ನಿಲ್ಲುತ್ತದೆ, ಮೊದಲು ಅದನ್ನು ಖಾಲಿ ಮಾಡಿಸಿ.

ಶಿಶು_ನರ್ಸ್

ಮಗುವಿನ ಬಗ್ಗೆ ಸ್ವಲ್ಪ. ಹುಟ್ಟಿದ ತಕ್ಷಣ ಎದೆ ಮೇಲೆ ಹಾಕುವುದು ಎಲ್ಲರಿಗೂ ಹಿತ ಅಂತಿಟ್ಟುಕೊಳ್ಳಬೇಡಿ. ಒದ್ದೆ, ಜಾರುವ ಮೈ ಇದ್ದಕ್ಕಿದ್ದಂತೆ ಎದೆಗೆ ಬಿದ್ದರೆ ಬೆಚ್ಚುವವರಿದ್ದಾರೆ. ಮುಂಚೆಯೇ ಕೇಳಿ: ನೇರ ಎದೆಗೋ, ಒರೆಸಿ ಬಟ್ಟೆ ಸುತ್ತಿ ಕೊಡುವುದೋ, ಕಾಲ ನಡುವೆ ಮಲಗಿಸಿ ತಾವೇ ಎತ್ತಿಕೊಳ್ಳುವುದೋ. ಯಾವುದಾದರೂ ಸರಿ, ಮಗು ಒಣಗಿರಬೇಕು, ಮೈಬಿಸಿ 36.5-37.5 ಡಿಗ್ರಿಯಲ್ಲಿರಬೇಕು. ಬಳ್ಳಿ ಕಟ್ಟುವುದು ಒಂದು ನಿಮಿಷಕ್ಕಿಂತ ಮುಂಚೆ ಬೇಡ.

ಅಳದಿದ್ದರೆ ಒರೆಸಿ, ಬೆನ್ನುಜ್ಜಿ. ಉಸಿರಾಡದಿದ್ದರೆ ಮೊದಲ ನಿಮಿಷದೊಳಗೆ ಬ್ಯಾಗ್-ಮಾಸ್ಕ್‌ನಿಂದ (ಮುಖಕ್ಕೆ ಮಾಸ್ಕ್ ಇಟ್ಟು ಚೀಲ ಒತ್ತಿ) ಉಸಿರು ಕೊಡಿ, ನಿಮಿಷಕ್ಕೆ ಸುಮಾರು 40 ಸಲ. ಎದೆ ಏಳದಿದ್ದರೆ ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತಿಲ್ಲ ಅಥವಾ ಕುತ್ತಿಗೆ ಮಡಚಿದೆ. ಗಟ್ಟಿಯಾಗಿ ಒತ್ತುವ ಮೊದಲು ಅವೆರಡನ್ನು ಸರಿಮಾಡಿ. ಇದನ್ನು ತಾಯಿಯ ಕಣ್ಣೆದುರಿಗೇ, ಅವರ ಪಕ್ಕದಲ್ಲೇ ಮಾಡಿ. ಬೇರೆ ಕೋಣೆಗೆ ಒಯ್ದ ಮೌನವನ್ನು ತಾಯಂದಿರು ವರ್ಷಗಟ್ಟಲೆ ಮರೆಯುವುದಿಲ್ಲ.

ಹಾಲೂಡಿಸುವಾಗ ಮೊಲೆ ಹಿಡಿದು ಮಗುವಿನ ಬಾಯಿಗೆ ತುರುಕಬೇಡಿ. ಗೊಂಬೆ ಇಟ್ಟು ನಿಮ್ಮ ಮೈ ಮೇಲೆ ತೋರಿಸಿ, ಅವರು ತಮ್ಮ ಕೈಯಿಂದ ಮಾಡಿಕೊಳ್ಳಲಿ.

ಹೊಸ_ಸೂಲಗಿತ್ತಿ

ಮನೆಯ ಪದ್ಧತಿಗಳ ಬಗ್ಗೆ ಯಾರೂ ಬರೆದಿಲ್ಲ. ಹಿರಿಯರು ಒಂದು ಹೇಳುತ್ತಾರೆ, ಬಸುರಿ ಸುಮ್ಮನಿರುತ್ತಾಳೆ.

ಹಿರಿ_ಸೂಲಗಿತ್ತಿ

ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳು. ‘ನಿಮ್ಮ ಮನೆಯಲ್ಲಿ ಹೆರಿಗೆಗೆ ಏನೇನು ಮಾಡುತ್ತಾರೆ?’ ಇದನ್ನು ಎಲ್ಲರ ಎದುರಿಗೆ ಕೇಳಬಹುದು, ಹಿರಿಯರಿಗೆ ಗೌರವ ಸಿಕ್ಕಂತಾಗುತ್ತದೆ. ‘ಅದರಲ್ಲಿ ನಿಮಗೆ ಯಾವುದು ಬೇಕು, ಯಾವುದು ಬೇಡ?’ ಇದು ಒಬ್ಬರೇ ಇರುವಾಗ. ಸಂಸ್ಕೃತಿಗೆ ಬೇರೂರಿದ ಆರೈಕೆ ಅಂದುಕೊಂಡು ಮೊದಲ ಪ್ರಶ್ನೆಯಲ್ಲೇ ನಿಂತರೆ ಅವಳ ಮೇಲೆ ಇನ್ನೊಬ್ಬರ ಹುಕುಂ ಹೇರಿದಂತೆ. ಆಸ್ಪತ್ರೆಯಲ್ಲಿ ಡಾಕ್ಟ್ರು ಹೇರಿದ್ದು ಮನೆಯಲ್ಲಿ ಹಿರಿಯರು ಹೇರಿದರೆ ಅವಳಿಗೇನು ಬದಲಾಯಿತು?

ಬಹುಪಾಲು ಪದ್ಧತಿಗಳಿಗೆ ಅಡ್ಡಿಯೇ ಇಲ್ಲ. ಯಾವ ದಿಕ್ಕಿಗೆ ಮಲಗುವುದು, ಯಾರು ಮೊದಲು ಮಗು ಎತ್ತುವುದು, ಪ್ರಾರ್ಥನೆ, ಹಾಡು, ಮಾಸನ್ನು ಏನು ಮಾಡುವುದು ಎಲ್ಲ ಅವರಿಷ್ಟ. ಮಾಸು ಪೂರ್ತಿ ಬಂದಿದೆಯೇ ಅಂತ ನೋಡಿದ ಮೇಲೆ ಕೊಡಿ, ಅಷ್ಟೆ. ಕುಕ್ಕರಗಾಲು, ಹಗ್ಗ ಹಿಡಿದು ಜೋತುಬೀಳುವುದು, ಜೊತೆಯಲ್ಲೊಬ್ಬ ಅನುಭವಿ ಹೆಂಗಸು ಇರುವುದು ಇವಂತೂ ಒಳ್ಳೆಯವು. ಜೊತೆಗಾರರು ಇರುವುದನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಶಿಫಾರಸು ಮಾಡುತ್ತದೆ.

ಒಪ್ಪಿಕೊಳ್ಳಲಾಗದವು ಕೆಲವೇ. ನೋವು ಜೋರಾಗಲಿ ಅಂತ ಹೆರಿಗೆಗೆ ಮುಂಚೆ ಆಕ್ಸಿಟೋಸಿನ್ ಚುಚ್ಚುವುದು ಅಥವಾ ನಾಟಿ ಔಷಧಿ ಕುಡಿಸುವುದು (ಗರ್ಭಕೋಶ ಒಡೆಯಬಹುದು, ಮಗುವಿಗೆ ಆಮ್ಲಜನಕ ನಿಲ್ಲಬಹುದು), ಹೊಟ್ಟೆ ಒತ್ತುವುದು, ಮೊದಲ ಹಾಲು ಹಿಂಡಿ ಚೆಲ್ಲುವುದು, ಹೊಕ್ಕುಳಿಗೆ ಬೂದಿ, ಮಣ್ಣು, ಸಗಣಿ ಹಚ್ಚುವುದು. ಕೊನೆಯದರಿಂದ ಧನುರ್ವಾಯು.

ಬೇಡ ಅಂದಷ್ಟಕ್ಕೆ ನಿಲ್ಲುವುದಿಲ್ಲ, ಕೈಗೆ ಬೇರೆ ಏನಾದರೂ ಕೊಡಬೇಕು. ಸಾಮಾನ್ಯವಾಗಿ ಹೊಕ್ಕುಳು ಸ್ವಚ್ಛವಾಗಿ ಒಣಗಿದ್ದರೆ ಸಾಕು. ಇಂಥದ್ದನ್ನು ಹಚ್ಚುವ ರೂಢಿ ಬಲವಾಗಿರುವ ಕಡೆ ಅದರ ಬದಲಿಗೆ ಸೋಂಕು ತಡೆಯುವ ಶೇ. 7.1ರ ಕ್ಲೋರ್‌ಹೆಕ್ಸಿಡಿನ್ ಜೆಲ್ ಹಚ್ಚಲು ಕೊಡಬಹುದು. ಹಚ್ಚುವ ಹಿರಿಯರ ಕೈಗೇ ಕೊಡಿ.

ಶಿಶು_ನರ್ಸ್

ಆ ಕ್ಲೋರ್‌ಹೆಕ್ಸಿಡಿನ್ ಕೊಡುವಾಗ ದಯವಿಟ್ಟು ಜೆಲ್ ಟ್ಯೂಬೇ ಕೊಡಿ. ದ್ರವದ ಪುಟ್ಟ ಬಾಟಲಿ ಕಣ್ಣಿನ ಹನಿ ಬಾಟಲಿಯಂತೆ ಕಾಣುತ್ತದೆ. ತಪ್ಪಿ ಕಣ್ಣಿಗೆ ಹಾಕಿ ಕಣ್ಣಿಗೆ ಗಂಭೀರ ಹಾನಿಯಾದ ಪ್ರಕರಣಗಳಿವೆ, ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆಯನ್ನೂ ಕೊಟ್ಟಿದೆ.

ಹೆರಿಗೆ_ವೈದ್ಯ

ಹರಿದದ್ದಕ್ಕೆ ಹೊಲಿಗೆ ಹಾಕುವ ವಿಷಯ ಮೊದಲ ಪ್ರಶ್ನೆಯಲ್ಲೇ ಇತ್ತು. ಮರಗಟ್ಟಿಸಲು ಶೇ. 1ರ ಲಿಡೋಕೇನ್ 20 ಮಿ.ಲೀ.ವರೆಗೆ, ತೂಕಕ್ಕೆ ತಕ್ಕಂತೆ. ಕೊಟ್ಟು ಎರಡು ಮೂರು ನಿಮಿಷ ಕಾಯದೆ ಸೂಜಿ ಹಾಕುವುದರಿಂದಲೇ ಹೆಚ್ಚಿನವರಿಗೆ ನೋಯುವುದು. ಚಿಮುಟದಿಂದ ಮುಟ್ಟಿ ಕೇಳಿ, ನೋಯುತ್ತದೆ ಅಂದರೆ ನೋಯುತ್ತದೆ. ರಕ್ತ ಸುರಿಯದ ಚಿಕ್ಕ ಗೀರಿಗೆ ಹೊಲಿಗೆಯೇ ಬೇಡದಿರಬಹುದು. ಗುದದ ಸ್ನಾಯು ಹರಿದಿದ್ದರೆ ಮನೆಯಲ್ಲಿ ಮುಟ್ಟಬೇಡಿ, ಆಸ್ಪತ್ರೆ.

ಹೊಸ_ಸೂಲಗಿತ್ತಿ

ಅಲ್ಲಿಗೆ ಕಳಿಸುವುದೇ ಅವರಿಗೆ ದೊಡ್ಡ ಹೆದರಿಕೆ ಡಾಕ್ಟ್ರೇ. ಮತ್ತೆ ಅದೇ ಕೋಣೆ, ಅದೇ ಲೈಟು.

ಮನಸಿನ_ಸಲಹೆಗಾರ್ತಿ

ಹೆದರಿಕೆ ತಗ್ಗುವುದು ಆ ಕೋಣೆಯನ್ನು ಮುಂಚೆಯೇ ನೋಡಿದಾಗ. ಬಸಿರಿನಲ್ಲೇ ಒಂದು ಸಲ ಆಸ್ಪತ್ರೆಯ ಹೆರಿಗೆ ಕೋಣೆ ನೋಡಿ ಬರಲಿ, ನೀವೂ ಜೊತೆಗೆ ಹೋಗಿ. ಒಂದೇ ಹಾಳೆಯ ಪತ್ರ ಸಿದ್ಧವಿರಲಿ: ಮೇಲಿನ ಅರ್ಧದಲ್ಲಿ ವೈದ್ಯಕೀಯ ವಿವರ, ಕೆಳಗಿನ ಅರ್ಧದಲ್ಲಿ ನಾಲ್ಕೇ ಸಾಲು. ‘ಪ್ರತಿ ಸಲ ಕೇಳಿ ಮುಟ್ಟಿ. ಪಕ್ಕಕ್ಕೆ ಮಲಗಿಸಿ ಪರೀಕ್ಷಿಸಿ. ಒಳಗೆ ಬರುವ ಜನ ಕಡಿಮೆ ಇರಲಿ. ಜೊತೆಗಾರರನ್ನು ಹೊರಗೆ ಕಳಿಸಬೇಡಿ.’ ಎರಡು ಪುಟ ಬರೆದರೆ ಡ್ಯೂಟಿಯಲ್ಲಿರುವವರು ಓದುವುದಿಲ್ಲ.

ಹೊರಡುವ ಕಾರಣಗಳನ್ನೂ ಮುಂಚೆಯೇ ಒಪ್ಪಿಕೊಂಡಿರಲಿ: ಮಗುವಿನ ಎದೆಬಡಿತ 110ರ ಕೆಳಗೆ ಅಥವಾ 160ರ ಮೇಲೆ ನಿಲ್ಲುವುದು, ನೀರಿನಲ್ಲಿ ಮಗುವಿನ ಮಲ ಗಟ್ಟಿಯಾಗಿ ಬರುವುದು, ಜ್ವರ, ಬಿಪಿ ಏರುವುದು, ಹೆರಿಗೆಗೆ ಮುಂಚೆ ರಕ್ತ. ಮತ್ತು ಇನ್ನೊಂದು, ಇದನ್ನು ಬರೆಯುವವರು ಕಡಿಮೆ: ‘ನನಗೆ ಇಲ್ಲಿ ಸಾಕು, ಹೋಗೋಣ’ ಅಂತ ಅವರೇ ಹೇಳುವುದು. ಅದಕ್ಕೆ ವೈದ್ಯಕೀಯ ಕಾರಣ ಬೇಕಾಗಿಲ್ಲ.

ಹಿರಿ_ಸೂಲಗಿತ್ತಿ

ಎದೆಬಡಿತ ಕೇಳುವ ಕ್ರಮವನ್ನೂ ಬರೆದುಬಿಡುತ್ತೇನೆ. ಚುರುಕಿನ ಹಂತದಲ್ಲಿ 15-30 ನಿಮಿಷಕ್ಕೊಮ್ಮೆ, ಮುಕ್ಕುವಾಗ 5 ನಿಮಿಷಕ್ಕೊಮ್ಮೆ, ನೋವು ಇಳಿಯುತ್ತಿದ್ದಂತೆ ಕನಿಷ್ಠ ಒಂದು ನಿಮಿಷ. ಭಂಗಿ ಬದಲಾಯಿಸಬೇಕಾಗಿಲ್ಲ, ಡಾಪ್ಲರ್ (ಮಗುವಿನ ಎದೆಬಡಿತ ಕೇಳಿಸುವ ಸಾಧನ) ಅವರ ಕೈಗೇ ಕೊಟ್ಟು ಜಾಗ ತೋರಿಸಿದರೂ ಆಗುತ್ತದೆ. ಎಷ್ಟೇ ಸಲ ಕೇಳಬೇಕಾದರೂ ಇದನ್ನು ಬಿಡುವ ಹಾಗಿಲ್ಲ ಅನ್ನುವುದನ್ನು ಬಸಿರಿನಲ್ಲೇ ಒಪ್ಪಿಸಿಕೊಳ್ಳಿ.

ಜೊತೆಗಾತಿ_ಡೂಲಾ

ಹೆರಿಗೆ ಆದಮೇಲೆ? ಕೂರಿಸಿ ಎಲ್ಲ ಮಾತಾಡಿಸಿಬಿಟ್ಟರೆ ಮನಸ್ಸು ಹಗುರಾಗುತ್ತದೆ ಅನ್ನುವವರಿದ್ದಾರೆ.

ಮನಸಿನ_ಸಲಹೆಗಾರ್ತಿ

ಒತ್ತಾಯದಿಂದ ಎಲ್ಲವನ್ನೂ ಮತ್ತೆ ನೆನಪಿಸಿ ಹೇಳಿಸುವ ಒಂದೇ ಸಲದ ಕೂಟ ಬೇಡ. ಅದರಿಂದ ಉಪಯೋಗ ಕಂಡಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು. ಅವರಾಗಿ ಕೇಳಿದರೆ ಏನು, ಯಾಕೆ, ಎಷ್ಟು ಹೊತ್ತಿಗೆ ಆಯಿತು ಅಂತ ದಾಖಲೆ ನೋಡಿ ಹೇಳಿ. ಆಘಾತದ ನೆನಪಿನಲ್ಲಿ ಹೊತ್ತಿನ ಲೆಕ್ಕ ಕಲಸಿಹೋಗಿರುತ್ತದೆ, ‘ಅದು ನಾಲ್ಕು ನಿಮಿಷ ಅಷ್ಟೇ’ ಅನ್ನುವ ಮಾಹಿತಿ ಕೆಲವರಿಗೆ ದೊಡ್ಡ ಆಸರೆ.

ಎಡಿನ್‌ಬರಾ ಮಾಪನದ 10 ಪ್ರಶ್ನೆ ಖಿನ್ನತೆ ಹಿಡಿಯಲು. ಅದರ ಹತ್ತನೆಯದು ತನಗೇ ಹಾನಿ ಮಾಡಿಕೊಳ್ಳುವ ಯೋಚನೆ ಬಗ್ಗೆ, ಒಟ್ಟು ಅಂಕ ಎಷ್ಟೇ ಕಡಿಮೆ ಇರಲಿ ಅದಕ್ಕೆ ಹೌದು ಅಂದರೆ ಅವತ್ತೇ ನೆರವು ಬೇಕು. ಆದರೆ ಆ ಮಾಪನ ಆಘಾತದ ಗುರುತುಗಳನ್ನು ಕೇಳುವುದಿಲ್ಲ. ಅವನ್ನು ಬಾಯಿಬಿಟ್ಟು ಕೇಳಬೇಕು: ಕಣ್ಣಮುಂದೆ ಮತ್ತೆ ಮತ್ತೆ ಬರುತ್ತದೆಯೇ, ಆಸ್ಪತ್ರೆಯ ದಾರಿ ತಪ್ಪಿಸುತ್ತೀರಾ, ಮಗು ಮಲಗಿದ್ದರೂ ನಿದ್ದೆ ಬರುವುದಿಲ್ಲವೇ, ಸಣ್ಣ ಸದ್ದಿಗೂ ಬೆಚ್ಚುತ್ತೀರಾ? ಮೊದಲ ವಾರಗಳಲ್ಲಿ ಇವು ಇದ್ದು ತಗ್ಗಬಹುದು. ತಿಂಗಳು ದಾಟಿದರೂ ಉಳಿದರೆ ಆಘಾತಕ್ಕೇ ಚಿಕಿತ್ಸೆ ಕೊಡುವವರ ಹತ್ತಿರ ಕಳಿಸಿ, ಬರೀ ಖಿನ್ನತೆಯ ಮಾತ್ರೆಯಲ್ಲಿ ನಿಲ್ಲಿಸಬೇಡಿ. ಜೊತೆಗಿದ್ದ ಗಂಡನಿಗೂ ಇದೇ ಪ್ರಶ್ನೆ ಕೇಳಿ, ರಕ್ತ ಕಂಡು ನಿಂತವರು ಅವರೂ ಹೌದು.

ಹೊಸ_ಸೂಲಗಿತ್ತಿ

ಎಲ್ಲರಿಗೂ ವಂದನೆ. ಒಂದೇ ಒಂದು ಉಳಿಯಿತು: ಕೈಕೆಲಸಕ್ಕೊಬ್ಬರು, ತಲೆಯ ಹತ್ತಿರ ಮಾತಾಡುವವರೊಬ್ಬರು ಅಂದಿರಿ. ಮಗುವಿಗೂ ತಾಯಿಗೂ ಒಟ್ಟಿಗೇ ತೊಂದರೆ ಆದರೆ?

ಹಿರಿ_ಸೂಲಗಿತ್ತಿ

ಆಗ ಇಬ್ಬರು ಸೂಲಗಿತ್ತಿಯರಲ್ಲಿ ಒಬ್ಬರು ತಾಯಿಗೆ, ಒಬ್ಬರು ಮಗುವಿಗೆ. ತಲೆಯ ಹತ್ತಿರ ಡೂಲಾ (ಹೆರಿಗೆಯಲ್ಲಿ ಜೊತೆಗಿರಲು ತರಬೇತಾದ ಸಹಾಯಕಿ) ಅಥವಾ ಬಸುರಿಯೇ ಆರಿಸಿದ ಜೊತೆಗಾತಿ ಕೂರಬೇಕು. ಅದಕ್ಕೇ 34-36 ವಾರದ ಭೇಟಿಗೆ ಅವರನ್ನೂ ಕರೆಯಿರಿ, ಗೊಂಬೆಯ ಮೇಲೆ ತೋರಿಸುವಾಗ ಹೇಳಬೇಕಾದ ವಾಕ್ಯಗಳನ್ನು ಅವರಿಂದಲೇ ಹೇಳಿಸಿ. ಆಂಬುಲೆನ್ಸಿಗೆ ಫೋನು ಮಾಡಲು, ಬಾಗಿಲು ತೆರೆದು ದಾರಿ ತೋರಿಸಲು ನಾಲ್ಕನೆಯವರೊಬ್ಬರು ಬೇಕು, ಮನೆಯ ಹಿರಿಯರು ಇದಕ್ಕೆ ಸರಿ. ತರಬೇತಾದ ಇಬ್ಬರು ಸೂಲಗಿತ್ತಿಯರು ಸಿಗುವುದಿಲ್ಲ ಅಂದರೆ ಆ ಹೆರಿಗೆಯನ್ನು ಮನೆಯಲ್ಲಿ ಒಪ್ಪಿಕೊಳ್ಳಬೇಡ ತಂಗಿ.